ಬ್ರೌಸರ್ ಕೇಳುವುದನ್ನು ಬಿಟ್ಟ ಮಳೆಗಾಲ

ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ಬಸ್ಸು ಕಮಲಾಪುರದ ಹತ್ತಿರ ನಿಂತುಬಿಟ್ಟಿತು. ಮುಂದೆ ರಸ್ತೆಗೆ ಅಡ್ಡವಾಗಿ ಒಂದು ಲಾರಿ. ತೋಟದಿಂದ ಬಾಳೆಗೊನೆ ಹೊತ್ತು ತಂದು ತುಂಬುತ್ತಿದ್ದರು. ಜಿಟಿಜಿಟಿ ಮಳೆ. ಕಿಟಕಿಯ ಗಾಜು ಸರಿಸಿದ್ದೇ ತಡ, ಆಗತಾನೆ ಕಡಿದ ಬಾಳೆಯ ಒಗರು ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ‘ಎಷ್ಟು ಚಲೋ ವಾಸನಿ ನೋಡ್ರಿ’ ಅಂದಳು. ನಾನು ಗಾಜು ಮುಚ್ಚಿದೆ. ಚಲೋ ವಾಸನೆಯೇ ಅದು, ಸುಳ್ಳಲ್ಲ. ಆದರೆ ಅದು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಡಿಗ್ರಿ ಮುಗಿಸಿದ ವರ್ಷದ ಮಳೆಗಾಲವನ್ನು ನಾನು ಕಳೆದದ್ದು ಆ ವಾಸನೆಯ ನಡುವೆ, ಪ್ರಹ್ಲಾದ ಸರ್ ಮನೆಯ ಮುಂದಿನ ಕೋಣೆಯಲ್ಲಿ.

ನನ್ನ ಹೆಸರು ಹುಲಿಗೆಮ್ಮ. ಊರು ಸಂಡೂರು ತಾಲ್ಲೂಕಿನ ಬಂಡ್ರಿ. ಅಪ್ಪ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತಿದ್ದ. ಆ ಕೆಲಸ ನಿಂತ ಮೇಲೆ ಅವ್ವನ ಜೊತೆ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗತೊಡಗಿದ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಜಂಬದಿಂದಲೇ ಹೇಳುತ್ತೇನೆ. ಜಂಬಪಡುವುದಕ್ಕೆ ನಮ್ಮ ಮನೆಯಲ್ಲಿ ಬೇರೇನೂ ಇರಲಿಲ್ಲ.

ಆ ಡಿಗ್ರಿಯಲ್ಲಿ ಪ್ರಹ್ಲಾದ ಸರ್ ಪಾಲು ದೊಡ್ಡದು. ಅದನ್ನೂ ಹೇಳಲೇಬೇಕು. ಹೊಸಪೇಟೆಯ ಕಾಲೇಜಿನಲ್ಲಿ ಅವರು ನಮಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಮೊದಲ ದಿನ ನಾನು ಮೌಸನ್ನು ಮೇಜಿನ ಮೇಲೆ ಸರಿಸುವ ಬದಲು ಗಾಳಿಯಲ್ಲಿ ಎತ್ತಿ ಹಿಡಿದು, ಪರದೆಯ ಮೇಲೆ ಏನೂ ಆಗದೆ ಬೆವರುತ್ತಿದ್ದೆ. ಹಿಂದಿನ ಸಾಲಿನವರು ನಗಲು ಶುರು ಮಾಡಿದಾಗ ಸರ್ ಅವರನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸಿದರು. ನನ್ನ ಪಕ್ಕದಲ್ಲಿ ನಿಂತು, ಮೌಸೇ ಬೇಡ, ಕೀಲಿಮಣೆ ಒಂದಿದ್ದರೆ ಸಾಕು ಎಂದು ಅಕ್ಷರದಲ್ಲೇ ಕಂಪ್ಯೂಟರ್ ನಡೆಸುವುದನ್ನು ತೋರಿಸಿದರು. ನಾನು ಆ ವಿಷಯವನ್ನು ಬಿಡದೆ ಉಳಿದದ್ದು ಅವತ್ತಿನ ಆ ಕೆಲಸದಿಂದ.

ನಿವೃತ್ತಿಯಾದ ಮೇಲೆ ಸರ್ ಕಮಲಾಪುರದ ತಮ್ಮ ಮನೆಯ ಮುಂದಿನ ಭಾಗವನ್ನು ಹಂಪಿ ನೋಡಲು ಬರುವವರಿಗೆ ಬಾಡಿಗೆ ಕೋಣೆಗಳನ್ನಾಗಿ ಮಾಡಿದ್ದರು. ನನ್ನ ಫಲಿತಾಂಶ ಬಂದಾಗ ಕರೆಸಿಕೊಂಡು, ಹೊರಗಿನವರ ಮೇಲ್ ನೋಡಿ ಉತ್ತರ ಬರೆಯುವ ಕೆಲಸಕ್ಕೆ ಯಾರಾದರೂ ಬೇಕು ಎಂದರು. ನಾನು ಯೋಚನೆ ಮಾಡುತ್ತಿದ್ದಾಗ ಒಂದು ಮಾತು ಹೇಳಿದರು.

‘ಬ್ಯಾರೆ ಎಲ್ಲಿಗೆ ಹೋಗ್ತಿ? ನಮ್ಮನಿ ಮಗಳಂಗ ಇರು.’

ಮನೆ ಮಗಳು. ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂದಿತ್ತು. ನಾನು ಆಗ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅಲ್ಲಿಂದಲೇ ದಿನವೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಬರುವುದೆಂದಾಯಿತು. ಅತ್ತೆಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. ‘ಮನಿ ಮಗಳು ಅಂದ್ರಾ? ಹಂಗಾರ ಸೂಟಿ ಕೇಳಂಗಿಲ್ಲ ಅಂತ ತಿಳ್ಕೋ. ಮನಿ ಮಗಳಿಗೆ ಎಲ್ಲಿ ಸೂಟಿ ಇರತೈತಿ?’ ಅಂದಳು. ಓದದ ಹೆಂಗಸು, ಎಲ್ಲದರಲ್ಲೂ ಕೊಂಕು ಹುಡುಕುತ್ತಾಳೆ ಎಂದುಕೊಂಡು ನಕ್ಕೆ.

ಸರ್ ಮನೆಯಲ್ಲಿದ್ದದ್ದು ಹಳೆಯ ಕಂಪ್ಯೂಟರ್. ಇಂಟರ್ನೆಟ್ ಬರುತ್ತಿದ್ದದ್ದು ಒಂದು ಸಣ್ಣ ಡಾಂಗಲ್‌ನಿಂದ. ಸಿಗ್ನಲ್ ಸಿಗಲಿ ಎಂದು ಅದನ್ನು ಉದ್ದನೆಯ ವೈರ್‌ಗೆ ಕಟ್ಟಿ ಕಿಟಕಿಯ ಸರಳಿಗೆ ನೇತುಹಾಕಿ, ಮಳೆ ತಾಗದಿರಲೆಂದು ಮೇಲೆ ತೆಂಗಿನ ಚಿಪ್ಪು ಬೋರಲು ಹಾಕಿದ್ದರು. ಚಿತ್ರಗಳಿರುವ ಪುಟ ತೆರೆದರೆ ಚಹಾ ಕುಡಿದು ಬಂದರೂ ಅರ್ಧ ಮೂಡಿರುತ್ತಿರಲಿಲ್ಲ. ಅದಕ್ಕೇ ಸರ್ ಅಕ್ಷರಗಳನ್ನಷ್ಟೇ ತೋರಿಸುವ ಬ್ರೌಸರ್ ಹಾಕಿಸಿದ್ದರು. ಕಪ್ಪು ಪರದೆ, ಬಿಳಿ ಅಕ್ಷರ. ಬಾಣದ ಕೀಲಿ ಒತ್ತುತ್ತ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಇಳಿಯುವುದು, ಬೇಕಾದಲ್ಲಿ ಎಂಟರ್ ಒತ್ತುವುದು, ಅಷ್ಟೇ. ಅದನ್ನು ನನಗೆ ಬೇಕಾದಂತೆ ಹೊಂದಿಸಿಕೊಳ್ಳುವುದೇ ನನ್ನ ಮೊದಲ ಕೆಲಸವಾಯಿತು.

ಆ ಬ್ರೌಸರಿಗೆ ಒಂದು ಗುಣವಿತ್ತು. ಇವತ್ತಿನವುಗಳಂತೆ ಬಾಯಿ ಮುಚ್ಚಿಕೊಂಡು ಎಲ್ಲ ಕುಕಿಗಳನ್ನೂ ನುಂಗುತ್ತಿರಲಿಲ್ಲ. ಯಾವ ಜಾಲತಾಣ ಕುಕಿ ಕೊಡಲು ಬಂದರೂ ಪರದೆಯ ತಳದಲ್ಲಿ ಒಂದು ಸಾಲು ಮೂಡಿಸಿ, ‘ಇಂಥವರು ಇಂಥದ್ದು ಕೊಡುತ್ತಿದ್ದಾರೆ, ಇಟ್ಟುಕೊಳ್ಳಲೇ?’ ಎಂದು ಕೇಳುತ್ತಿತ್ತು. ಉತ್ತರ ನಾಲ್ಕು ಬಗೆ. ವೈ ಒತ್ತಿದರೆ ಹೂಂ, ಎನ್ ಒತ್ತಿದರೆ ಬೇಡ. ಎ ಅಂದರೆ ಈ ತಾಣದಿಂದ ಯಾವಾಗಲೂ ತೆಗೆದುಕೋ, ಮತ್ತೆ ಕೇಳಬೇಡ. ವಿ ಅಂದರೆ ಎಂದೆಂದಿಗೂ ಬೇಡ. ಕುಕಿ ಅಂದರೇನು ಅಂತ ನನಗೆ ತಲೆಗೆ ಹತ್ತುವಂತೆ ಹೇಳಿದ್ದೂ ಸರ್ ಅವರೇ.

‘ವಿರೂಪಾಕ್ಷನ ಗುಡಿ ಮುಂದ ಚಪ್ಪಲಿ ಬಿಟ್ರ ಬಿಲ್ಲಿ ಕೊಡ್ತಾರಲ್ಲ, ಹಂಗ. ಚಪ್ಪಲಿ ಕಾಯಾಂವ ನಿನ್ನ ಮುಖ ನೆನಪ ಇಡಂಗಿಲ್ಲ, ಬಿಲ್ಲಿ ನೋಡ್ತಾನ. ಬಿಲ್ಲಿ ಯಾರ ಕೈಯಾಗಿರ್ತದೋ, ಚಪ್ಪಲಿ ಅವರದು. ಅದಕ್ಕ ಕೆಲಸ ಮುಗೀತಂದ್ರ ಬಿಲ್ಲಿ ಬಿಸಾಕಿ ಎದ್ದು ಬರಬೇಕು.’

ಇಷ್ಟು ಚೆನ್ನಾಗಿ ಕಲಿಸಿದ ಮನುಷ್ಯ.

ನಾನು ಅವರ ಮಾತಿನ ಪ್ರಕಾರವೇ ಹೊಂದಿಸಿದೆ. ಬ್ರೌಸರಿನ ಸೆಟ್ಟಿಂಗ್ ಕಡತದಲ್ಲಿ ಇದಕ್ಕೆ ಸಂಬಂಧಿಸಿದ ಸಾಲುಗಳಿದ್ದವು. ಕೇಳದೆ ಎಲ್ಲ ಕುಕಿಗಳನ್ನೂ ಒಪ್ಪಿಕೊಳ್ಳಲೇ ಎಂಬ ಸಾಲಿನ ಎದುರು ‘ಇಲ್ಲ’ ಎಂದು ಹಾಕಿದೆ. ಬ್ರೌಸರ್ ಮುಚ್ಚಿದ ಮೇಲೂ ಅವುಗಳನ್ನು ಉಳಿಸಿಡಲೇ ಎಂಬುದಕ್ಕೂ ‘ಇಲ್ಲ’ ಎಂದೆ. ಅಂದರೆ ಕ್ಯೂ ಒತ್ತಿ ಹೊರಬಂದರೆ ಬಿಲ್ಲೆಗಳೆಲ್ಲ ಹೋದವು. ಮತ್ತೆ ತೆರೆದಾಗ ಪಾಸ್‌ವರ್ಡ್ ಕೊಟ್ಟೇ ಒಳಗೆ ಹೋಗಬೇಕು. ಸರ್ ನೋಡಿ, ತಲೆಯಾಡಿಸಿ, ಪೇಟೆಯ ಇಂಜಿನಿಯರುಗಳಿಗೂ ಇಷ್ಟು ಶಿಸ್ತಿರುವುದಿಲ್ಲ ಎಂದರು. ಆ ಹೊಗಳಿಕೆಯನ್ನು ನಾನು ಎಷ್ಟೋ ದಿನ ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ.

ಆಗ ನನ್ನ ಹತ್ತಿರ ಇದ್ದದ್ದು ಮಾತಾಡುವ ಫೋನು ಮಾತ್ರ. ನನ್ನ ಸ್ವಂತ ಮೇಲ್ ನೋಡುತ್ತಿದ್ದದ್ದೂ ಆ ಕಂಪ್ಯೂಟರಿನಲ್ಲೇ. ನಮ್ಮಿಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಲೇ ಎಂದು ಒಮ್ಮೆ ಕೇಳಿದ್ದೆ. ಒಂದೇ ಮನೆಯವರಿಗೆ ಎರಡು ಬಾಗಿಲು ಯಾಕೆ ಎಂದು ಸರ್ ನಕ್ಕಿದ್ದರು.

ಆ ಮನೆಯ ಬಾಗಿಲುಗಳ ಬಗ್ಗೆ ಈಗ ಹೇಳಿಬಿಡುತ್ತೇನೆ. ಮಧ್ಯಾಹ್ನ ಸರ್ ಹೆಂಡತಿ, ಅವರನ್ನು ನಾನು ಅಮ್ಮಾರು ಅನ್ನುತ್ತಿದ್ದೆ, ನನಗೆ ಊಟ ಬಡಿಸುತ್ತಿದ್ದರು. ಪ್ರೀತಿಯಿಂದಲೇ ಬಡಿಸುತ್ತಿದ್ದರು. ಆದರೆ ಎಲೆ ಹಾಕುತ್ತಿದ್ದದ್ದು ಮನೆಯ ಹೊರಗಿನ ಕಟ್ಟೆಯ ಮೇಲೆ. ನಡುಮನೆಯ ಹೊಸ್ತಿಲು ನಾನು ದಾಟಿರಲಿಲ್ಲ. ದಾಟಬೇಡ ಎಂದು ಯಾರೂ ಹೇಳಿರಲಿಲ್ಲ. ದಾಟು ಎಂದೂ ಹೇಳಿರಲಿಲ್ಲ. ನಾನು ಅದನ್ನು ದೊಡ್ಡದು ಮಾಡಿಕೊಳ್ಳಲಿಲ್ಲ. ಮಗಳು ಅಂದಿದ್ದರಲ್ಲ, ಅದು ಸಾಕಾಗಿತ್ತು.

ಮುಂಗಾರು ಹಿಡಿದುಕೊಳ್ಳುವ ಹೊತ್ತಿಗೆ ಸಂಡೂರಿನ ಒಂದು ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಬೇಕಾಗಿದ್ದಾರೆಂದು ತಿಳಿಯಿತು. ಅರ್ಜಿ ಹಾಕಿದೆ, ಸಂದರ್ಶನಕ್ಕೆ ಕರೆದರು. ಸರ್‌ಗೆ ಮುಚ್ಚಿಡಲಿಲ್ಲ. ಮುಚ್ಚಿಡುವುದು ಯಾಕೆ? ಅವರೇ, ಹೋಗಿ ಬಾ, ಅನುಭವ ಆಗುತ್ತದೆ ಎಂದು ತಮ್ಮ ಪೆನ್ನು ಕೊಟ್ಟು ಕಳಿಸಿದರು. ಸಂಡೂರಿನ ಗುಡ್ಡಗಳೆಲ್ಲ ಆಗ ಹಸಿರು. ಕೆಂಪು ಧೂಳು ಕೆಸರಾಗಿ ಕೆಳಗೆ ಕೂತಿತ್ತು. ಮುಖ್ಯೋಪಾಧ್ಯಾಯಿನಿ ಎದುರಿಗೇ ಪಾಠ ಮಾಡಿಸಿ ನೋಡಿದರು. ಹುಡುಗಿಯರಲ್ಲಿ ಅರ್ಧದಷ್ಟು ನನ್ನಂಥ ಮನೆಗಳಿಂದ ಬಂದವರು. ಒಬ್ಬಳು ಮೌಸನ್ನು ಮುಟ್ಟಲು ಹೆದರುತ್ತಿದ್ದಳು. ಅವಳ ಕೈ ಹಿಡಿದು ಮುಟ್ಟಿಸಿದೆ. ನಿರ್ಧಾರವನ್ನು ಮೇಲ್ ಮಾಡುತ್ತೇವೆ, ಬಂದ ವಾರದೊಳಗೆ ಒಪ್ಪಿಗೆ ಕಳಿಸಬೇಕು, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದರು.

ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂದು ಹೇಳುವುದು ಕಷ್ಟ. ಶಾಲೆಯ ಆವರಣದಲ್ಲೇ ಒಂದು ಕೋಣೆ ಕೊಡುತ್ತಿದ್ದರು. ಬಂಡ್ರಿ ಅಲ್ಲಿಗೆ ಹತ್ತಿರ. ಅಪ್ಪನಿಗೆ ಹೇಳಿದಾಗಿನಿಂದ ಅವನು ಊರಲ್ಲಿ ಎದುರು ಸಿಕ್ಕವರಿಗೆಲ್ಲ ‘ನಮ್ಮ ಹುಡುಗಿ ಟೀಚರ್ ಆಗತೈತಿ’ ಎಂದು ಸಾರುತ್ತಿದ್ದ. ಇನ್ನೂ ಆಗಿಲ್ಲ, ಸುಮ್ಮನಿರಪ್ಪ ಎಂದರೆ, ‘ಮಳಿ ಬರೋ ಮುಂಚೇನೇ ಬಿತ್ತಾಕ ತಯಾರಾಗಬೇಕವ್ವಾ’ ಅನ್ನುತ್ತಿದ್ದ.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಮಳೆಯಲ್ಲಿ ನೆನೆದು ಬಂದು, ಕೈ ಒರೆಸಿಕೊಂಡು, ಬ್ರೌಸರ್ ತೆರೆದು ಮೇಲ್ ತಾಣದ ವಿಳಾಸ ಹೊಡೆದೆ. ಅದು ಕೇಳುತ್ತದೆಂದು ಬೆರಳು ವೈ ಕೀಲಿಯ ಮೇಲಿಟ್ಟು ಕಾದೆ. ಕೇಳಲಿಲ್ಲ. ಪಾಸ್‌ವರ್ಡೂ ಕೇಳದೆ ನೇರವಾಗಿ ನನ್ನ ಮೇಲ್ ಪೆಟ್ಟಿಗೆ ಬಿಚ್ಚಿಕೊಂಡಿತು. ಸೆಟ್ಟಿಂಗ್ ಕಡತ ನೋಡಿದೆ. ನಾನು ‘ಇಲ್ಲ’ ಎಂದು ಹಾಕಿದ್ದಲ್ಲೆಲ್ಲ ‘ಹೌದು’ ಎಂದಿತ್ತು.

ಸರ್ ಅಲ್ಲೇ ಪೇಪರ್ ಓದುತ್ತಿದ್ದರು. ಕೇಳಿದೆ. ಅವರು ತಲೆ ಎತ್ತದೆ, ತಾವೇ ಬದಲು ಮಾಡಿದ್ದಾಗಿ ಹೇಳಿದರು. ಮಳೆಗೆ ಲೈನ್ ಕಡಿದು ಕಡಿದು ಹೋಗುತ್ತದೆ, ಪ್ರತಿ ಸಲ ಮೊದಲಿನಿಂದ ಒಳಗೆ ಹೋಗುವುದೆಂದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ, ನಿನಗೂ ಸುಲಭ ಎಂದರು. ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಲೈನ್ ಕಡಿಯುತ್ತಿದ್ದದ್ದು ನಿಜ.

ಸೆಟ್ಟಿಂಗನ್ನು ಮೊದಲಿನಂತೆ ಮಾಡಲು ನನಗೆ ಎರಡು ಪದ ತಿದ್ದಿದರೆ ಸಾಕಿತ್ತು. ತಿದ್ದಲಿಲ್ಲ. ಕಲಿಸಿದ ಗುರು ಬದಲು ಮಾಡಿದ್ದನ್ನು ಶಿಷ್ಯೆ ಹಿಂದಕ್ಕೆ ತಿರುಗಿಸಿದರೆ, ‘ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ’ ಎಂದು ಅವರ ಮುಖಕ್ಕೇ ಹೇಳಿದ ಹಾಗೆ. ನಮ್ಮಂಥ ಮನೆಗಳಿಂದ ಬಂದವರು ಪರೀಕ್ಷೆಯಲ್ಲಿ ಏನು ಬೇಕಾದರೂ ಬರೆದೇವು, ಇದನ್ನು ಮಾತ್ರ ಮಾಡಲಾರೆವು. ಒಂದು ಕ್ಷಣ ನನಗೆ ಹಿತವೂ ಆಯಿತು. ನನ್ನ ಕಷ್ಟ ನೋಡಿ ಸರ್ ತಾವೇ ಕೂತು ಮಾಡಿದ್ದಾರಲ್ಲ ಎಂದು.

ಆಷಾಢ ಮುಗಿಯಿತು. ಸಂಡೂರಿನಿಂದ ಮೇಲ್ ಬರಲಿಲ್ಲ. ದಿನವೂ ಬಂದ ಕೂಡಲೇ ನೋಡುತ್ತಿದ್ದೆ; ಹೋಗುವಾಗ ಇನ್ನೊಮ್ಮೆ ನೋಡುತ್ತಿದ್ದೆ. ಸರ್ ನನ್ನ ಮುಖ ಓದಿದವರಂತೆ ಒಂದು ದಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ‘ಅಂಥಾ ಸಾಲ್ಯಾಗ ಮೊದಲ ಯಾರನ್ನೋ ಇಟ್ಟಿರ್ತಾರ. ಸಂದರ್ಶನ ಅನ್ನೋದು ತೋರಿಕಿಗೆ. ಮನಸ್ಸಿಗೆ ಹಚ್ಚಿಕೋಬ್ಯಾಡ’ ಅಂದರು. ಅಮ್ಮಾರಿಗೆ ಹೇಳಿ ಅವತ್ತು ಊಟಕ್ಕೆ ಶಾವಿಗೆ ಪಾಯಸ ಮಾಡಿಸಿದ್ದರು. ನಾನು ಎರಡನೇ ಸಲ ಬಡಿಸಿಕೊಂಡು ತಿಂದೆ.

ಮಿಕ್ಕದ್ದೆಲ್ಲ ಒಂದು ಕಡೆ ಇರಲಿ, ಆ ಪಾಯಸವನ್ನು ನಾನು ಕ್ಷಮಿಸಿಲ್ಲ.

ನಾಗರ ಪಂಚಮಿಗೆ ಊರಿಗೆ ಹೊರಟೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಎಲ್ಲಿದ್ದರೂ ತವರಿಗೆ ಬರಬೇಕು. ಸಂಡೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಬಂಡ್ರಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಾಲುಗಳು ತಾವಾಗಿಯೇ ಶಾಲೆಯ ಕಡೆ ನಡೆದವು. ಸಿಗದಿದ್ದರೂ ಪರವಾಗಿಲ್ಲ, ಎಲ್ಲಿ ತಪ್ಪಿದೆ ಎಂದಾದರೂ ಕೇಳೋಣ ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಮುಖ್ಯೋಪಾಧ್ಯಾಯಿನಿ ನನ್ನ ಗುರುತು ಹಿಡಿದರು. ಕೂರಿಸಿದರು. ಬೇರೆಯವರು ಸೇರಿ ಆಗಲೇ ಪಾಠ ಶುರು ಮಾಡಿದ್ದಾರೆ ಎಂದರು. ದನಿಯಲ್ಲಿ ಸ್ವಲ್ಪ ಬೇಸರವಿತ್ತು.

‘ನಿಮ್ಮನ್ನ ಮೊದಲು ಕರದಿದ್ವಿ ಅಲ್ಲೇನಮ್ಮಾ. ಬ್ಯಾಡ ಅಂತ ನಿಮ್ಮ ತಂದೆಯವ್ರು ಬರದ್ರು. ನಿಮ್ಮ ಮೇಲ್‌ನಿಂದಾನೇ ಬಂತು. ಇಂಗ್ಲಿಷ್ ಭಾಳ ಚಲೋ ಐತಿ ಅವರದು.’

ಹೊರಗೆ ಹುಡುಗಿಯರು ಜೋಕಾಲಿಗೆ ಹಗ್ಗ ಕಟ್ಟುತ್ತಿದ್ದರು. ನಮ್ಮಪ್ಪ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗಲೂ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಅಂಗಡಿಯವನ ಮುಖ ನೋಡುವವನು. ಅವನ ಇಂಗ್ಲಿಷ್ ಚೆನ್ನಾಗಿದೆಯಂತೆ. ನನ್ನ ಮೇಲ್ ಪೆಟ್ಟಿಗೆ ಪಾಸ್‌ವರ್ಡ್ ಇಲ್ಲದೆ ತೆರೆಯುವ ಮನೆ ಒಂದೇ ಇತ್ತು; ನಾನಿಲ್ಲದ ಹೊತ್ತಿನಲ್ಲಿ ಶಾಲೆಯ ಮೇಲ್ ನೋಡಿ, ಉತ್ತರ ಬರೆದು, ಎರಡನ್ನೂ ಅಳಿಸಿದ್ದರು ಸರ್. ಮುಖ್ಯೋಪಾಧ್ಯಾಯಿನಿಗೆ ನಾನೇನೂ ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಅವರೇನು ಮಾಡಿಯಾರು? ಸೇರಿದವಳನ್ನು ತೆಗೆದುಹಾಕಿ ಎನ್ನುವುದಕ್ಕೆ ನನಗೂ ಬಾಯಿ ಬರಲಿಲ್ಲ. ಅವಳೂ ಯಾವುದೋ ಮನೆಯ ಮೊದಲನೆಯವಳಿರಬಹುದು.

ಬಂಡ್ರಿಯ ಬಸ್ಸು ಹತ್ತಲಿಲ್ಲ. ಹೊಸಪೇಟೆಗೆ ಹಿಂದಿರುಗಿ, ಅಲ್ಲಿಂದ ಕಮಲಾಪುರಕ್ಕೆ ಹೋದೆ. ಬಾಳೆ ತೋಟಗಳಲ್ಲಿ ನೀರು ನಿಂತಿತ್ತು. ಸರ್ ಮನೆಯ ಮುಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಯಾರನ್ನೂ ಕರೆಯದೆ ಕಂಪ್ಯೂಟರಿನ ಮುಂದೆ ಕೂತು ಸೆಟ್ಟಿಂಗ್ ಕಡತ ತೆರೆದೆ. ‘ಹೌದು’ ಅಳಿಸಿ ‘ಇಲ್ಲ’ ಎಂದು ಹೊಡೆಯುತ್ತಿದ್ದಾಗ ಸರ್ ಒಳಗಿನಿಂದ ಬಂದರು. ಹಬ್ಬಕ್ಕೆ ಹೋದವಳು ಬಂದಿದ್ದೇನೆಂದು ಅವರಿಗೆ ಆಶ್ಚರ್ಯವಾಯಿತು.

‘ಏನು ಮಾಡ್ಲಿಕ್ಕತ್ತಿ?’

‘ಬಿಲ್ಲಿ ವಾಪಸ್ ತಗೊಳ್ಳಾಕತ್ತೀನ್ರಿ ಸರ್. ಸಂಡೂರಿಗೆ ಹೋಗಿದ್ದೆ.’

ಅವರಿಗೆ ಅರ್ಥವಾಯಿತು. ಮುಖ ಕೆಳಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಇಲ್ಲ. ನಿಧಾನವಾಗಿ ಕುರ್ಚಿ ಎಳೆದುಕೊಂಡು, ಕ್ಲಾಸಿನಲ್ಲಿ ಕಷ್ಟದ ಪಾಠ ಶುರು ಮಾಡುವಾಗಿನ ದನಿಯಲ್ಲೇ ಮಾತಾಡಿದರು. ದಸರಾ ಆದ ಮೇಲೆ ಹೊರಗಿನವರು ಬರಲು ಶುರುವಾಗುತ್ತಾರೆ, ನೀನಿಲ್ಲದೆ ಈ ವಯಸ್ಸಿನಲ್ಲಿ ನಾನು ಹೇಗೆ ನಡೆಸಲಿ ಎಂದರು. ಆಮೇಲೆ, ಅದು ಸ್ವಂತದ ಮಾತಾಯಿತು ಅನ್ನಿಸಿತೋ ಏನೋ, ಅಲ್ಲಿ ಆ ಗಣಿ ಊರಿನಲ್ಲಿ ಒಬ್ಬಳೇ ಇರುವುದು ನಿನಗೂ ಒಳ್ಳೆಯದಲ್ಲ ಎಂದು ಸೇರಿಸಿದರು. ನಾನು ಹುಟ್ಟಿದ್ದು ಆ ಗಣಿ ಊರಿನ ಪಕ್ಕದಲ್ಲೇ ಎಂಬುದು ಅವರಿಗೆ ನೆನಪಿರಲಿಲ್ಲ. ನಮ್ಮಪ್ಪ ಅಂತ ಯಾಕೆ ಬರೆದಿರಿ ಎಂದು ಕೇಳಿದೆ.

‘ಅಪ್ಪ ಅಂತ ಎಲ್ಲಿ ಬರದೀನಿ? ಗಾರ್ಡಿಯನ್ ಅಂತ ಬರದೀನಿ. ಪಾಲಕ. ಅದರಾಗ ಸುಳ್ಳೇನದ? ಮನಿ ಮಗಳ ಪತ್ರ ಮನಿಯವರು ನೋಡಬಾರದೇನು?’

‘ನನಗ ಪಾಲಕರು ಅದಾರ್ರಿ ಸರ್. ಬಂಡ್ರ್ಯಾಗ ಕಳಿ ತಗೀತಾರ.’

ಅಷ್ಟು ಹೇಳಿದ್ದು ನನಗೆ ಇವತ್ತಿಗೂ ಹೆಮ್ಮೆ. ಉಳಿಸಿಟ್ಟಿದ್ದ ಕುಕಿಗಳನ್ನೆಲ್ಲ ಅಳಿಸಿ, ಪಾಸ್‌ವರ್ಡ್ ಬದಲಿಸಿ, ಕ್ಯೂ ಒತ್ತಿ ಎದ್ದೆ. ಅಷ್ಟರಲ್ಲಿ ಅಮ್ಮಾರು ನಡುಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಹಬ್ಬದ ದಿನ ಸಿಟ್ಟು ಬೇಡ, ಉಂಡು ಹೋಗು ಎಂದರು. ಎಲೆ ಕಟ್ಟೆಯ ಮೇಲೆ ಹಾಕುತ್ತೇನೆ ಎಂದರು.

ಉಣ್ಣದೆ ಬಂದೆ.

ಮರುದಿನ ಬೆಳಿಗ್ಗೆ ಬಂಡ್ರಿ ಮುಟ್ಟಿದೆ. ಅಪ್ಪ ಮೆಕ್ಕೆಜೋಳದ ಹೊಲದಲ್ಲಿದ್ದ. ಕುಡುಗೋಲು ಇಸಿದುಕೊಂಡು ಅವನ ಪಕ್ಕದ ಸಾಲು ಹಿಡಿದು ಕಳೆ ತೆಗೆಯುತ್ತಾ ಎಲ್ಲ ಹೇಳಿದೆ. ಬ್ರೌಸರು, ಕುಕಿ ಅಂದರೆ ಅವನಿಗೆ ತಿಳಿಯದು. ನಿನ್ನ ಜಾಗದಲ್ಲಿ ನಿಂತು ಸರ್ ನನ್ನ ಕೆಲಸ ಬೇಡ ಎಂದು ಬರೆದಿದ್ದಾರೆ ಎಂದೆ. ನನ್ನ ಸಿಟ್ಟಿಗೆ ಅವನ ಸಿಟ್ಟು ಕೂಡಿಕೊಳ್ಳುತ್ತದೆ ಎಂದು ನಂಬಿದ್ದೆ. ಅಪ್ಪ ಸಾಲಿನ ಕೊನೆಯವರೆಗೂ ಕಳೆ ಕೀಳುತ್ತಾ ಹೋದ.

‘ದೊಡ್ಡೋರು. ಓದಿದೋರು. ಏನೋ ವಿಚಾರ ಮಾಡೇ ಬರದಿರತಾರ ಬಿಡವ್ವಾ’ ಅಂದ.

ನಾನು ಕುಡುಗೋಲು ಕೆಳಗಿಟ್ಟೆ. ಅವನು ನನ್ನ ಕಡೆ ನೋಡದೆ, ಕೇಳಲೋ ಬೇಡವೋ ಎಂಬಂತೆ ಕೇಳಿದ.

‘ಇಂಗ್ಲಿಷ್‌ನಾಗ ನನ್ನ ಹೆಸರು ಬರದಿದ್ರೇನು?’

ಇಲ್ಲ ಎಂದೆ. ಹೆಸರು ಇರಲಿಲ್ಲ, ಅವರಿಗೆ ನಿನ್ನ ಹೆಸರು ಗೊತ್ತಿದೆಯೋ ಇಲ್ಲವೋ ಅದೂ ನನಗೆ ತಿಳಿಯದು ಎಂದೆ.

ಅಪ್ಪ ಸೊಂಟ ನೆಟ್ಟಗೆ ಮಾಡಿ ನಿಂತ. ಕೈಗೆ ಮೆತ್ತಿದ್ದ ಮಣ್ಣನ್ನು ಒಂದೊಂದೇ ಬೆರಳಿನಿಂದ ಉಜ್ಜಿ ತೆಗೆದ. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಗಣಿ ಕೆಲಸ ಹೋದ ದಿನವೂ ಕಂಡಿರಲಿಲ್ಲ.

‘ಹಂಗಾರ ತಪ್ಪು’ ಅಂದ. ‘ನನ್ನನ್ನ ಒಂದು ಮಾತು ಕೇಳಬೇಕಿತ್ತು.’

ನಾನು ಕಾದೆ. ಮುಂದಿನ ಮಾತು ಬರುತ್ತದೆ ಎಂದು ಕಾದೆ. ಅವನು ಬಗ್ಗಿ ಹೊಸ ಸಾಲು ಹಿಡಿದ. ‘ನಿನ್ನನ್ನ ಕೇಳಬೇಕಿತ್ತು’ ಎಂದು ನನಗೆ ಅಪ್ಪನೂ ಅನ್ನಲಿಲ್ಲ.